ಮನೆಯವರ ಟ್ರಸ್ಟ್, ಊರಿನ ಗದ್ದೆ

ಕುಟುಂಬವೊಂದು ತನ್ನ ಹಣವನ್ನೋ ಜಮೀನನ್ನೋ ಊರಿನ ಕಲಿಕೆಗೆಂದು ಬಿಟ್ಟುಕೊಟ್ಟು, ಆಡಳಿತವನ್ನು ತಾನೇ ನೋಡಿಕೊಳ್ಳುವ ಸಂಸ್ಥೆಗಳು ಉಡುಪಿ ಜಿಲ್ಲೆಗೆ ಹೊಸತಲ್ಲ. ಮಣಿಪಾಲದ ಗುಡ್ಡದಿಂದ ಕಾರ್ಕಳದ ನಿಟ್ಟೆಯವರೆಗೆ ಇಲ್ಲಿನ ದೊಡ್ಡ ವಿದ್ಯಾಸಂಸ್ಥೆಗಳ ಬುಡದಲ್ಲಿ ಒಂದೊಂದು ಮನೆತನದ ಹೆಸರಿದೆ. ಇವುಗಳ ಮಗ್ಗುಲಲ್ಲೇ ಹತ್ತಿಪ್ಪತ್ತು ಮಕ್ಕಳಿಗೆ ಸಂಜೆ ಪಾಠ, ಒಂದು ವಾಚನಾಲಯ, ಹಡಿಲು ಬಿದ್ದ ಒಂದೆರಡು ಎಕರೆಯಲ್ಲಿ ಮತ್ತೆ ಬೇಸಾಯ ಎಂದು ಹೊರಡುವ ಸಣ್ಣ ಟ್ರಸ್ಟ್‌ಗಳೂ ಇವೆ. ಗಾತ್ರ ಬೇರೆಯಾದರೂ ಕಾನೂನು ಒಂದೇ. ಟ್ರಸ್ಟ್ ನೋಂದಣಿ ಒಂದು ದಿನದಲ್ಲಿ ಮುಗಿಯಬಹುದು. ಜಮೀನನ್ನು ಅದರೊಳಗೆ ತರುವುದಕ್ಕೆ ವರ್ಷಗಳೇ ಹಿಡಿಯಬಹುದು. ಮೊದಲನೆಯದು ಮುಗಿದ ಉತ್ಸಾಹದಲ್ಲಿ ಎರಡನೆಯದನ್ನು ‘ಆಮೇಲೆ ನೋಡುವಾ’ ಎಂದು ಬಿಟ್ಟ ಕಡೆಯಲ್ಲೇ ಗೋಜಲು ಹುಟ್ಟುವುದು.

ಈ ಭಾಗದ ದೊಡ್ಡ ಉದಾಹರಣೆ ಮಣಿಪಾಲದ್ದು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಂದಿಗೆ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದ್ದ ಡಾ. ಟಿ.ಎಂ.ಎ. ಪೈ, 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆರಂಭಿಸಿದರು. ಆಗ ಅದು ಮುರಕಲ್ಲಿನ ಬೋಳುಗುಡ್ಡ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಹೊಟ್ಟೆಪಾಡಿನ ಕೈಕೆಲಸ ಕಲಿಸುವುದು ಅಕಾಡೆಮಿಯ ಮೊದಲ ಕೆಲಸವಾಗಿತ್ತು. ಕಾಲೇಜುಗಳು ಬಂದದ್ದು ಆಮೇಲೆ. 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು. ಸರ್ಕಾರದ ಬೊಕ್ಕಸವನ್ನು ಕಾಯದೆ ವಿದ್ಯಾರ್ಥಿಗಳ ಹಣದಿಂದಲೇ ಮೆಡಿಕಲ್ ಕಾಲೇಜು ನಡೆಸಬಹುದೆಂದು ಮಣಿಪಾಲ ತೋರಿಸಿತು. ಹಾಗೆ ಹಣ ಪಡೆಯುವುದು ಎಷ್ಟರ ಮಟ್ಟಿಗೆ ಸರಿ ಎಂಬ ವಾದವೂ ಅದರ ಬೆನ್ನಿಗೇ ಬಂತು.

ಆ ವಾದಕ್ಕೆ ದೇಶದ ಮಟ್ಟದಲ್ಲಿ ಉತ್ತರ ಸಿಕ್ಕಿದ್ದೂ ಇದೇ ಮನೆತನದ ಸಂಸ್ಥೆಯ ಹೆಸರಿನ ಮೊಕದ್ದಮೆಯಲ್ಲಿ. ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಅನುದಾನ ಪಡೆಯದ ಖಾಸಗಿ ಸಂಸ್ಥೆಗೆ ತನ್ನ ಆಡಳಿತ ನಡೆಸಿಕೊಳ್ಳುವ ಸ್ವಾತಂತ್ರ್ಯವಿದೆ; ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಹಣ ಉಳಿಸಿಕೊಳ್ಳಬಹುದು; ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ ವಸೂಲಿ ಕೂಡದು. ಕುಟುಂಬ ನಡೆಸುವ ಎಲ್ಲ ವಿದ್ಯಾಸಂಸ್ಥೆಗಳೂ ಇಂದು ನಿಂತಿರುವುದು ಈ ಗೆರೆಯ ಒಳಗೆ. ಸಂಸ್ಥೆಯಲ್ಲಿ ಮಿಕ್ಕ ಹಣ ಸಂಸ್ಥೆಯಲ್ಲೇ ಇರಬೇಕು, ಮನೆಗೆ ಹೋಗುವಂತಿಲ್ಲ.

ಕಾರ್ಕಳ ತಾಲೂಕಿನ ನಿಟ್ಟೆಯ ಕಥೆ ಇನ್ನೊಂದು ಬಗೆಯದು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಹಿರಿತನ ಕಡೆಗಣಿಸಿದ ಕಾರಣಕ್ಕೆ 1973ರಲ್ಲಿ ರಾಜೀನಾಮೆ ಕೊಟ್ಟು, ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆಯವರು 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಸ್ಥಾಪಿಸಿದರು. ಹಳ್ಳಿಯ ಪ್ರೌಢಶಾಲೆಯಿಂದ ಶುರುವಾದ ಟ್ರಸ್ಟ್, ಮಗ ಎನ್. ವಿನಯ ಹೆಗ್ಡೆಯವರ ಕಾಲದಲ್ಲಿ 1986ರ ಎಂಜಿನಿಯರಿಂಗ್ ಕಾಲೇಜು, 1999ರ ಮೆಡಿಕಲ್ ಅಕಾಡೆಮಿ ದಾಟಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದವರೆಗೆ ಬೆಳೆಯಿತು. ಕಾನೂನನ್ನು ಅರೆದು ಕುಡಿದವರೊಬ್ಬರು ಊರಿನ ಕೆಲಸಕ್ಕೆ ಇಳಿದಾಗ ಟ್ರಸ್ಟ್ ಎಂಬ ರೂಪವನ್ನೇ ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ.

ಭೂಮಿಯ ಬಳಕೆಯನ್ನೂ ಕಲಿಕೆಯ ಭಾಗವಾಗಿ ನೋಡಿದ ಸಂಸ್ಥೆಗಳು ಇಷ್ಟು ದೊಡ್ಡವಲ್ಲ. ಅದೇ ಪೈ ಮನೆತನದ ಟಿ.ಎ. ಪೈ ಅವರು 1978ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಭಾರತೀಯ ವಿಕಾಸ ಟ್ರಸ್ಟ್ ಗ್ರಾಮೀಣಾಭಿವೃದ್ಧಿಯ ತರಬೇತಿಯನ್ನೇ ಮುಖ್ಯ ಕೆಲಸವಾಗಿಸಿಕೊಂಡಿತು. ವಿಜಯನಾಥ ಶೆಣೈ ಅವರ ಹಸ್ತಶಿಲ್ಪ ಟ್ರಸ್ಟ್, ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಕಟ್ಟಿ, ನೆಲವನ್ನೇ ಪಾಠಶಾಲೆ ಮಾಡಿತು. ಬೇಸಾಯದ ಮಟ್ಟಿಗೆ ಈಚಿನ ದೊಡ್ಡ ಪ್ರಯೋಗ ನಡೆದದ್ದು 2021ರಲ್ಲಿ. ಆಗಿನ ಉಡುಪಿ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಕೃಷಿ ಆಂದೋಲನ ಹೂಡಿ, ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಭತ್ತ ಬೆಳೆಸಿ, ಆ ಅಕ್ಕಿಯನ್ನು ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನಲ್ಲಿ ಮಾರಿತು. ಇದು ಕುಟುಂಬದ ಸಂಸ್ಥೆಯಲ್ಲ. ಆದರೆ ಗದ್ದೆ ಇರುವ ಯಾವ ಕುಟುಂಬವೂ ಇದರಿಂದ ಕಲಿಯಬೇಕಾದದ್ದಿದೆ.

ಗದ್ದೆ ಹಡಿಲು ಬೀಳುವುದು ಜನ ಸೋಮಾರಿಗಳಾದ್ದರಿಂದಲ್ಲ. ಮಕ್ಕಳು ಮುಂಬಯಿಗೋ ಕೊಲ್ಲಿಗೋ ಹೋದರು, ನೇಜಿ ನೆಡಲು ಆಳು ಸಿಗುವುದಿಲ್ಲ, ಬೈಲು ಗದ್ದೆಗೆ ಯಂತ್ರ ಇಳಿಯಲು ದಾರಿಯಿಲ್ಲ. ಇವೆಲ್ಲಕ್ಕೂ ಕೆಳಗೆ ಒಂದು ಹಳೆಯ ಭಯವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಚಾಲಗೇಣಿ, ಮೂಲಗೇಣಿ ಒಕ್ಕಲುಗಳು ಏಳನೇ ನಮೂನೆಯ ಅರ್ಜಿ ಕೊಟ್ಟು ಭೂಮಾಲೀಕರಾದರು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದು ಆದಷ್ಟು ಆಳವಾಗಿ ರಾಜ್ಯದ ಬೇರೆ ಕಡೆ ಆಗಲಿಲ್ಲ. ಸಾವಿರಾರು ಮನೆಗಳಿಗೆ ಅದು ಬಿಡುಗಡೆ. ಜಮೀನು ಕಳೆದುಕೊಂಡ ಮನೆಗಳಿಗೆ ಮಾತ್ರ, ಗದ್ದೆಯನ್ನು ಯಾರ ಕೈಗಾದರೂ ಕೊಟ್ಟರೆ ಹೋಯಿತು ಎಂಬ ಅಂಜಿಕೆ ಉಳಿಯಿತು. ಕೃಷಿ ಜಮೀನನ್ನು ಗೇಣಿಗೆ ಕೊಡುವುದು ಇಂದಿಗೂ ಕಾನೂನಿನ ಪ್ರಕಾರ ನಿಷಿದ್ಧ. ಆದ್ದರಿಂದ ಊರಿನವರ ಗದ್ದೆಯಲ್ಲಿ ಬೇಸಾಯ ಮಾಡಹೊರಟ ಟ್ರಸ್ಟ್ ಮೊದಲು ಗೆಲ್ಲಬೇಕಾದದ್ದು ನೆರೆಮನೆಯವರ ನಂಬಿಕೆ. ಗೇಣಿ ಎಂಬ ಮಾತೇ ಬರದಂತೆ, ಹಿಡುವಳಿದಾರನ ಹೆಸರು ಆರ್‌ಟಿಸಿಯಲ್ಲಿ ಹಾಗೆಯೇ ಉಳಿಯುವಂತೆ, ಇಂತಿಷ್ಟು ಬೆಳೆಗೆ ಎಂದು ಬರೆದುಕೊಂಡ ಒಪ್ಪಿಗೆ ಪತ್ರವೇ ಅದಕ್ಕೆ ಆಧಾರ.

ಸಂಸ್ಥೆಗೆ ಮೂರು ರೂಪಗಳಿವೆ. ದತ್ತಿ ಉದ್ದೇಶದ ಸಾರ್ವಜನಿಕ ಟ್ರಸ್ಟ್, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯ ಸಂಘ, 2013ರ ಕಂಪನಿ ಕಾಯ್ದೆಯ 8ನೇ ಕಲಂ ಕಂಪನಿ. ಸಂಘಕ್ಕೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು, ಮಹಾಸಭೆ, ಚುನಾವಣೆ, ವರ್ಷ ವರ್ಷ ವರದಿ ಒಪ್ಪಿಸುವುದು ಎಲ್ಲ ಇವೆ. ಇಂದು ಸ್ಥಾಪಿಸಿದ ಕುಟುಂಬ ನಾಳೆ ಮತದಲ್ಲಿ ಸೋಲಬಹುದು. ಕಂಪನಿಗೆ ಕಾಗದಪತ್ರದ ಹೊರೆ ಹೆಚ್ಚು, ದೊಡ್ಡ ದಾನಿಗಳ ವಿಶ್ವಾಸವೂ ಹೆಚ್ಚು. ಆಡಳಿತ ಮನೆಯಲ್ಲೇ ಇರಬೇಕೆಂಬವರು ಟ್ರಸ್ಟ್‌ನತ್ತ ಒಲಿಯುವುದು ಸಹಜ. ಸ್ಥಾಪಕರು ಒಂದು ಸಣ್ಣ ಮೊತ್ತವನ್ನು ಮೂಲನಿಧಿಯಾಗಿ ಇಟ್ಟು, ಟ್ರಸ್ಟ್ ಡೀಡ್ ಬರೆಸಿ, ಛಾಪಾ ಶುಲ್ಕ ಕಟ್ಟಿ, ಸಾಕ್ಷಿಗಳ ಸಮೇತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಟ್ರಸ್ಟ್ ಹುಟ್ಟುತ್ತದೆ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ.

ಮುಂಬಯಿಯಲ್ಲಿ ನೆಲೆಸಿದ ಕರಾವಳಿಯವರಿಗೆ ಇಲ್ಲಿ ಒಂದು ಗೊಂದಲ ಆಗುವುದುಂಟು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ಮೇಲೆ ಚಾರಿಟಿ ಕಮಿಷನರ್ ಇದ್ದಾರೆ. ಟ್ರಸ್ಟಿ ಬದಲಾದರೂ, ಆಸ್ತಿ ಮಾರಿದರೂ ಅವರ ಕಚೇರಿ ಹತ್ತಬೇಕು. ಉಡುಪಿಯಲ್ಲಿ ಅಂಥ ಅಧಿಕಾರಿಯಿಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯೂ ಖಾಸಗಿ ಟ್ರಸ್ಟ್‌ಗಳಿಗಾಗಿ ಮಾಡಿದ್ದು, ಸಾರ್ವಜನಿಕ ದತ್ತಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಹಾಗೆಂದು ಹೇಳುವವರು ಕೇಳುವವರು ಇಲ್ಲವೆಂದಲ್ಲ. ವರ್ಷ ವರ್ಷ ಲೆಕ್ಕ ಕೇಳುವುದು ಆದಾಯ ತೆರಿಗೆ ಇಲಾಖೆ. ಟ್ರಸ್ಟ್ ದಾರಿ ತಪ್ಪಿದರೆ, ಅದರಲ್ಲಿ ಹಿತಾಸಕ್ತಿ ಇರುವ ಊರಿನ ಇಬ್ಬರು ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ದಾವೆ ಹೂಡಬಹುದು. ಕೋರ್ಟು ಟ್ರಸ್ಟಿಗಳನ್ನು ತೆಗೆಯಬಹುದು, ಹೊಸ ಆಡಳಿತ ಯೋಜನೆಯನ್ನೇ ಬರೆಯಬಹುದು. ‘ನಮ್ಮ ಟ್ರಸ್ಟ್, ನಮ್ಮ ಇಷ್ಟ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಡೀಡಿನಲ್ಲಿ ಉದ್ದೇಶವನ್ನು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ದಸ್ತಾವೇಜು ಬರಹಗಾರರ ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಮಾದರಿಯಲ್ಲಿ ಗೋಶಾಲೆಯಿಂದ ವೃದ್ಧಾಶ್ರಮದವರೆಗೆ ಎಲ್ಲವೂ ಇರುತ್ತದೆ. ಅದನ್ನು ಹಾಗೆಯೇ ಒಪ್ಪಿಕೊಳ್ಳುವುದು ಜಾಣತನವಲ್ಲ. ಶಿಕ್ಷಣ ಎಂದರೇನು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಬಿಡಿಸಿದ್ದು ಒಂದು ಕನ್ನಡ ಪ್ರಕರಣದಲ್ಲೇ. ‘ಸಂಯುಕ್ತ ಕರ್ನಾಟಕ’ ಪತ್ರಿಕೆ ನಡೆಸುತ್ತಿದ್ದ ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟ್, ಓದುಗರಿಗೆ ಅರಿವು ಕೊಡುವುದೂ ಶಿಕ್ಷಣವೇ ಎಂದು ವಾದಿಸಿತ್ತು. 1975ರ ತೀರ್ಪು ಅದನ್ನು ಒಪ್ಪಲಿಲ್ಲ. ಕ್ರಮಬದ್ಧವಾಗಿ ಕಲಿಸುವುದು, ತರಬೇತಿ ಕೊಡುವುದು ಮಾತ್ರ ತೆರಿಗೆ ಕಾನೂನಿನ ಲೆಕ್ಕಕ್ಕೆ ಶಿಕ್ಷಣ ಎಂದಿತು. ಆದ್ದರಿಂದ ‘ಸಮುದಾಯ ಶಿಕ್ಷಣ’ ಎಂಬ ತೆಳು ಪದಕ್ಕಿಂತ, ಯಾರಿಗೆ, ಏನನ್ನು, ಯಾವ ಕ್ರಮದಲ್ಲಿ ಕಲಿಸುವುದು ಎಂದು ಬಿಡಿಸಿ ಬರೆಯುವುದು ಲೇಸು. ಭೂಮಿಯ ಕೆಲಸವನ್ನೂ ಹೀಗೆಯೇ. ಕೆರೆ, ಮದಕ, ಕಾಡುಗಿಡಗಳ ಉಳಿವು ಪರಿಸರ ಸಂರಕ್ಷಣೆಯೊಳಗೆ ಬರುತ್ತದೆ. ಬೇರೆಯವರಿಂದ ಕೊಂಡ ಅಕ್ಕಿ, ಸಸಿ ಮಾರಾಟ ಸಾಮಾನ್ಯ ಲೋಕೋಪಯೋಗದ ಲೆಕ್ಕಕ್ಕೆ ಹೋದರೆ, ವ್ಯಾಪಾರದ ರೂಪದ ವರಮಾನ ಒಟ್ಟು ವರಮಾನದ ಶೇ. 20ನ್ನು ಮೀರಬಾರದು ಎಂಬ ಕಟ್ಟು ಬೀಳುತ್ತದೆ.

ತೆರಿಗೆ ವಿನಾಯಿತಿಗೆ ಪ್ರತ್ಯೇಕ ನೋಂದಣಿ ಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದ್ದು ಕಲಮುಗಳ ಸಂಖ್ಯೆ ಬದಲಾಗಿದೆ. ಆದರೂ ಆಡಿಟರುಗಳ ಬಾಯಲ್ಲಿ ಇನ್ನೂ ಟ್ರಸ್ಟ್‌ನ ವಿನಾಯಿತಿಗೆ ‘ಟ್ವೆಲ್ವ್ ಎ’, ದಾನಿಯ ತೆರಿಗೆ ಕಡಿತಕ್ಕೆ ‘ಏಟಿ ಜಿ’ ಎಂಬ ಹೆಸರುಗಳೇ ಓಡಾಡುತ್ತಿವೆ, ತಿರುಳೂ ಬದಲಾಗಿಲ್ಲ. ಮೊದಲು ತಾತ್ಕಾಲಿಕ ನೋಂದಣಿ, ಕೆಲಸ ಶುರುವಾದ ಮೇಲೆ ಕಾಯಂ ನೋಂದಣಿ, ಅವಧಿ ಮುಗಿದಂತೆ ನವೀಕರಣ. ವರ್ಷದ ವರಮಾನದ ಶೇ. 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಕುಟುಂಬಕ್ಕೆ ಸಂಬಂಧಿಸಿದ ಕಟ್ಟುಪಾಡು ಎಲ್ಲಕ್ಕಿಂತ ಬಿಗಿಯಾದದ್ದು. ಸ್ಥಾಪಕ, ಟ್ರಸ್ಟಿ, ದೊಡ್ಡ ದಾನಿ ಮತ್ತು ಇವರೆಲ್ಲರ ಹತ್ತಿರದ ನೆಂಟರು ಟ್ರಸ್ಟ್‌ನ ಹಣದಿಂದಾಗಲೀ ಆಸ್ತಿಯಿಂದಾಗಲೀ ಲಾಭ ಪಡೆಯುವಂತಿಲ್ಲ. ಮಗಳು ನಿಜವಾಗಿ ಪಾಠ ಮಾಡಿದರೆ ತಕ್ಕ ಸಂಬಳ ಕೊಡಬಹುದು, ಸುಮ್ಮನೆ ಗೌರವಧನ ಕೊಡುವಂತಿಲ್ಲ.

ಇದು ಕೈ ಸುಡುವುದು ಜಮೀನಿನ ವಿಷಯದಲ್ಲಿ. ಗದ್ದೆ ಇನ್ನೂ ಟ್ರಸ್ಟಿಯಾದ ಅಣ್ಣನ ಹೆಸರಿನಲ್ಲಿದೆ ಎನ್ನಿ. ಟ್ರಸ್ಟ್ ಅಲ್ಲಿ ಮಕ್ಕಳಿಗೆ ಬೇಸಾಯ ಕಲಿಸುತ್ತಿದೆ. ಬೇಸಿಗೆಯಲ್ಲಿ ನೀರು ಸಾಲದೆಂದು ಟ್ರಸ್ಟ್ ಖಾತೆಯಿಂದ ಕೊಳವೆಬಾವಿ ಕೊರೆಸಿ, ಪಂಪು ಕೂರಿಸಿ, ಬೇಲಿ ಹಾಕಿಸಿದರು. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೆ ಲೆಕ್ಕ ನೋಡುವವರಿಗೆ ಕಾಣುವುದು, ದಾನದ ಹಣದಿಂದ ಟ್ರಸ್ಟಿಯ ಸ್ವಂತ ಜಮೀನಿನ ಬೆಲೆ ಏರಿತು ಎಂಬುದು. ವಿನಾಯಿತಿಗೆ ಕುತ್ತು ಬರುವುದು ಇಂಥ ಸಣ್ಣ ಉಪಕಾರಗಳಿಂದಲೇ. ಕೊಳವೆಬಾವಿಯ ಖರ್ಚು ಅಣ್ಣನೇ ಹಾಕಬೇಕು, ಇಲ್ಲವೇ ಆ ಭಾಗವನ್ನು ಮೊದಲು ಟ್ರಸ್ಟ್‌ಗೆ ಬರೆದುಕೊಡಬೇಕು.

ತುಳುನಾಡಿನಲ್ಲಿ ಇನ್ನೆರಡು ಎಚ್ಚರಿಕೆಗಳು ಬೇಕು. ತರವಾಡು ಮನೆ, ದೈವಸ್ಥಾನ, ನಾಗಬನಗಳನ್ನು ನೋಡಿಕೊಳ್ಳಲು ಕುಟುಂಬಸ್ಥರು ಸೇರಿ ಮಾಡಿಕೊಳ್ಳುವ ಟ್ರಸ್ಟ್‌ಗಳು ಊರೂರಿಗೂ ಇವೆ. ಅವುಗಳ ಫಲ ಕುಟುಂಬದವರಿಗೇ ಮೀಸಲಾದರೆ ಅವು ಖಾಸಗಿ. ದತ್ತಿಯ ವಿನಾಯಿತಿ ಅವಕ್ಕೆ ಇಲ್ಲ. ಕಲಿಕೆಯ ಟ್ರಸ್ಟ್‌ನೊಳಗೆ ಭೂತಕೋಲದ ಖರ್ಚನ್ನೂ ತುಂಬಿಸಿದರೆ, ಧಾರ್ಮಿಕ ಖರ್ಚು ಶೇ. 5ನ್ನು ಮೀರಿದ ಕೂಡಲೆ ‘ಏಟಿ ಜಿ’ಗೆ ತೊಡಕು. ಎರಡು ಟ್ರಸ್ಟ್ ಬೇರೆ ಬೇರೆಯಾಗಿರುವುದೇ ಲೇಸು. ಇನ್ನೊಂದು, ‘ನಮ್ಮ ಸಮಾಜದ ಮಕ್ಕಳಿಗೆ ಮಾತ್ರ’ ಎಂಬ ಷರತ್ತು. ಒಂದೇ ಜಾತಿಯ ಹಿತಕ್ಕೆಂದು ಸ್ಥಾಪಿಸಿದ ದತ್ತಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟರು, ಹಿಂದುಳಿದ ವರ್ಗದವರು, ಮಹಿಳೆಯರು, ಮಕ್ಕಳಿಗೆಂದು ಇಡುವುದಕ್ಕೆ ಅಡ್ಡಿಯಿಲ್ಲ.

ಇನ್ನು ಜಮೀನು. ಕೊಡುವವರಿಗೆ ಕೊಡುವ ಹಕ್ಕು ಇದೆಯೇ ಎಂಬುದೇ ಮೊದಲ ಪ್ರಶ್ನೆ, ಕರಾವಳಿಯಲ್ಲಿ ಅದು ಸುಲಭದ್ದಲ್ಲ. ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮುದಾಯಗಳಲ್ಲಿ ಆಸ್ತಿ ನಡೆದುಬಂದದ್ದು ಅಳಿಯಸಂತಾನದ ಹಾದಿಯಲ್ಲಿ, ಹೆಣ್ಣಿನ ಮೂಲಕ. ಕುಟುಂಬದ ಆಸ್ತಿಗೆ ಯಜಮಾನ ಆಡಳಿತಗಾರ ಮಾತ್ರ, ಒಡೆಯನಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಇನ್ನೊಂದು ದಾರಿಗೆ ತಿರುಗಿಸಿತು. ಹೀಗಾಗಿ ಹಳೆಯ ಪಾಲುಪತ್ರದಲ್ಲಿ ಅಜ್ಜಿಯ ತಂಗಿಯ ಕವರಿಗೆ ಹಂಚಿಹೋದ ಹತ್ತು ಸೆಂಟ್ಸ್, ಇಂದು ಮುಂಬಯಿ, ಪುಣೆ, ದುಬೈಗಳಲ್ಲಿರುವ ಹದಿನೈದು ಮಂದಿಯ ಹಕ್ಕಾಗಿ ಕೂತಿರಬಹುದು. ಆರ್‌ಟಿಸಿಯ ಒಂಬತ್ತನೇ ಕಾಲಮಿನಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಹಕ್ಕು ಅವರೊಬ್ಬರದೇ ಆಗುವುದಿಲ್ಲ. ಎಲ್ಲರ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗುವವರೆಗೆ ಆ ಜಾಗವನ್ನು ಟ್ರಸ್ಟ್‌ಗೆ ಸೇರಿಸುವುದೆಂದರೆ ಮುಂದಿನ ತಲೆಮಾರಿಗೆ ದಾವೆಯನ್ನು ಬರೆದಿಟ್ಟಂತೆ.

ಎರಡನೆಯದು ಜಮೀನಿನ ಬಗೆ. ಹಿರಿಯರು ‘ನಮ್ಮದು ಎಂಟು ಎಕರೆ’ ಎಂದು ಹೇಳುವಾಗ ಅದರಲ್ಲಿ ಸ್ವಂತ ಹಿಡುವಳಿಯಾದ ವರ್ಗ ಜಮೀನು ಎಷ್ಟು, ಕುಮ್ಕಿ ಎಷ್ಟು ಎಂದು ಬಿಡಿಸಿ ನೋಡಬೇಕು. ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ, ದನ ಮೇಯಿಸುವ ವಿಶೇಷ ಸವಲತ್ತೇ ಕುಮ್ಕಿ. ಭೂಕಂದಾಯ ಕಾಯ್ದೆ ಅದನ್ನು ಉಳಿಸಿಕೊಂಡಿದೆ. ಗೇರು, ಮಾವು ನೆಟ್ಟು ಮೂರು ತಲೆಮಾರು ಅನುಭವಿಸಿದ್ದರೂ ಜಾಗ ಸರ್ಕಾರದ್ದೇ, ದಾನಪತ್ರದಲ್ಲಿ ಬರೆಯುವಂತಿಲ್ಲ. ಮಕ್ಕಳನ್ನು ಸುತ್ತಾಡಿಸಲು, ಮರಗಳ ಪರಿಚಯ ಮಾಡಿಸಲು ಕುಮ್ಕಿ ಗುಡ್ಡದಷ್ಟು ಚಂದದ ಜಾಗ ಇಲ್ಲ ಎಂಬುದು ಬೇರೆ ಮಾತು. ಅಕ್ರಮ–ಸಕ್ರಮದಲ್ಲಿ ಮಂಜೂರಾದ ಜಮೀನಿಗೆ ಪರಭಾರೆಯ ನಿಷೇಧದ ಅವಧಿಯಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರೂ ಪಡೆಯುವಂತಿಲ್ಲ, ಟ್ರಸ್ಟ್ ಆದರೂ ಅಷ್ಟೆ.

ಟ್ರಸ್ಟ್ ಕೃಷಿ ಜಮೀನು ಹೊಂದಬಹುದೇ ಎಂಬ ಪ್ರಶ್ನೆಗೆ ಬಹುಕಾಲ ಉತ್ತರ ‘ಇಲ್ಲ’ ಎಂದೇ ಇತ್ತು. ಭೂಸುಧಾರಣಾ ಕಾಯ್ದೆಯ 79–ಬಿ ಕಲಂ ವಿದ್ಯಾಸಂಸ್ಥೆ, ದತ್ತಿ, ಕಂಪನಿಗಳನ್ನು ಕೃಷಿ ಭೂಮಿಯಿಂದ ಹೊರಗಿಟ್ಟಿತ್ತು. 2020ರ ತಿದ್ದುಪಡಿ 79–ಎ ಜೊತೆಗೆ ಅದನ್ನೂ ತೆಗೆಯಿತು. ರೈತ ಸಂಘಟನೆಗಳು ಆ ತಿದ್ದುಪಡಿಯನ್ನು ಬಲವಾಗಿ ವಿರೋಧಿಸಿದವು, ಅವರ ಭಯ ದೊಡ್ಡ ಕಂಪನಿಗಳದ್ದು. ಸಣ್ಣ ದತ್ತಿಗೂ ಅದರಿಂದಲೇ ಬಾಗಿಲು ತೆರೆಯಿತು ಎಂಬುದೂ ನಿಜ. ಭೂಮಿತಿಯ ಕಟ್ಟು ಉಳಿದಿದೆ, ಜಮೀನಿನ ಆದಾಯ ಸಂಸ್ಥೆಯ ಉದ್ದೇಶಕ್ಕೇ ಸಲ್ಲಬೇಕೆಂಬ ನಿಯಮವೂ ಇದೆ.

ಜಮೀನು ಕೊಡುವುದು ನೋಂದಾಯಿತ ದಾನಪತ್ರದ ಮೂಲಕ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಒಂದು ಸರ್ವೆ ನಂಬರಿನ ತುಂಡು ಜಾಗವಾದರೆ ಮೊದಲು 11–ಇ ನಕ್ಷೆ ಆಗಬೇಕು. ಸರ್ವೆಯರ್ ಬಂದು ಅಳತೆ ಮಾಡುವವರೆಗೆ ಕಾಯಬೇಕು. ರಕ್ತಸಂಬಂಧಿಗಳ ನಡುವಿನ ದಾನಪತ್ರಕ್ಕಿರುವ ಛಾಪಾ ಶುಲ್ಕದ ರಿಯಾಯಿತಿ ಟ್ರಸ್ಟ್‌ಗೆ ಕೊಡುವಾಗಲೂ ಸಿಗುತ್ತದೆಂದು ಲೆಕ್ಕ ಹಾಕಬಾರದು. ಜಮೀನು ಕೊಟ್ಟ ಮನೆಯವರಿಗೆ ‘ಏಟಿ ಜಿ’ ಕಡಿತವೂ ಇಲ್ಲ, ಅದು ಹಣದ ದಾನಕ್ಕೆ ಮಾತ್ರ. ಒಮ್ಮೆ ಟ್ರಸ್ಟ್ ಸ್ವೀಕರಿಸಿದ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗುವುದಿಲ್ಲ. ಇಷ್ಟೆಲ್ಲ ತಿಳಿದ ಮೇಲೆ, ಇದ್ದದ್ದನ್ನೆಲ್ಲ ಮೊದಲ ದಿನವೇ ಬರೆದುಕೊಡುವುದಕ್ಕಿಂತ ತರಗತಿ ಕಟ್ಟಲು ಬೇಕಾದ ಹತ್ತಿಪ್ಪತ್ತು ಸೆಂಟ್ಸ್ ಮಾತ್ರ ಕೊಟ್ಟು, ಗದ್ದೆಯನ್ನು ಮನೆಯವರ ಹೆಸರಿನಲ್ಲೇ ಉಳಿಸಿ ಕಲಿಕೆಗೆ ತೆರೆದಿಡುವುದು ಹೆಚ್ಚಿನ ಕುಟುಂಬಗಳಿಗೆ ಸರಿಹೊಂದುವ ದಾರಿ. ದೈವ, ನಾಗಬನ ಇರುವ ಜಾಗವನ್ನೂ ಅದಕ್ಕೆ ಹೋಗುವ ದಾರಿಯನ್ನೂ ದಾನಪತ್ರದಲ್ಲಿ ಸ್ಪಷ್ಟವಾಗಿ ಹೊರಗಿಡಬೇಕು. ಇಲ್ಲಿನ ಜಗಳಗಳು ಎಕರೆಗಟ್ಟಲೆ ಜಮೀನಿಗಿಂತ ಆ ಒಂದು ಕಾಲುದಾರಿಗಾಗಿಯೇ ಹೆಚ್ಚು.

ಕಟ್ಟಡ ಏಳುವ ತುಂಡಿಗೆ ಭೂಪರಿವರ್ತನೆ, ಅಂದರೆ ಊರಿನ ಮಾತಿನಲ್ಲಿ ‘ಕನ್ವರ್ಷನ್’ ಆಗಬೇಕು. ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಅದನ್ನು ಕೊಡುವವರು ಜಿಲ್ಲಾಧಿಕಾರಿ. ಪಂಚಾಯತ್ ವ್ಯಾಪ್ತಿಯಾದರೆ ಆಮೇಲೆ ‘ನೈನ್ ಇಲೆವೆನ್’ ಎನ್ನುವ ಖಾತೆಯ ನಮೂನೆಗಳು ಮತ್ತು ಕಟ್ಟಡದ ಪರವಾನಗಿ. ಮಣಿಪಾಲ ಉಡುಪಿ ನಗರಸಭೆಯೊಳಗಿರುವುದರಿಂದ ಅಲ್ಲಿ ನಗರ ಯೋಜನೆಯ ವಲಯ ನೋಡಬೇಕು. ಕಾಪುವಿನ ಕಡಲತಡಿಯಲ್ಲಿ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮವಿದೆ. ಭರತದ ಗೆರೆಯಿಂದ 500 ಮೀಟರಿನೊಳಗೆ ಕಟ್ಟುವುದಕ್ಕೆ ನಿರ್ಬಂಧಗಳಿವೆ, ಹೊಳೆ ಅಳಿವೆಗಳ ದಡಕ್ಕೂ ಅದು ಹಬ್ಬುತ್ತದೆ. ಕಾರ್ಕಳದ ಘಟ್ಟದ ಬುಡದಲ್ಲಿ ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿ ಸರ್ವೆ ನಂಬರ್ ಸಿಕ್ಕಿಕೊಂಡಿದೆಯೇ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಕಡತ ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಓಡಾಡುತ್ತದೆ.

ಕಲಿಸುವ ಕೆಲಸದಲ್ಲಿ ಅನುಮತಿ ಬೇಕಾದದ್ದು, ಬೇಡವಾದದ್ದು ಎಂಬ ಭೇದವಿದೆ. ಶಾಲೆ ತೆರೆಯುವುದಾದರೆ ಕರ್ನಾಟಕ ಶಿಕ್ಷಣ ಕಾಯ್ದೆ 1983 ಮತ್ತು 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಮಾನ್ಯತೆ, ಕಟ್ಟಡ, ಶಿಕ್ಷಕರ ಅರ್ಹತೆ ಎಲ್ಲ ಬೇಕು. ವಾಚನಾಲಯ, ಯಕ್ಷಗಾನ ತರಗತಿ, ಹೊಲಿಗೆ, ಕಂಪ್ಯೂಟರ್, ಕೃಷಿ ಪಾಠಗಳಿಗೆ ಅಷ್ಟು ತೊಡಕಿಲ್ಲ. ಮಕ್ಕಳಿಲ್ಲದೆ ಸರ್ಕಾರಿ ಕನ್ನಡ ಶಾಲೆಗಳು ಬಾಗಿಲು ಹಾಕುತ್ತಿರುವ ಕಾಲದಲ್ಲಿ ಇನ್ನೊಂದು ಶಾಲೆ ಕಟ್ಟುವುದಕ್ಕಿಂತ ಇರುವ ಶಾಲೆಗೆ ಒಬ್ಬ ಶಿಕ್ಷಕನ ಗೌರವಧನ, ಮಕ್ಕಳನ್ನು ಕರೆತರುವ ಒಂದು ವಾಹನ ಕೊಡುವುದೇ ಹೆಚ್ಚು ಫಲ ಕೊಡುವ ಕೆಲಸ. ಉಡುಪಿಯ ಅಜ್ಜರಕಾಡಿನಲ್ಲಿರುವ ಡಾ. ಜಿ. ಶಂಕರ್ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜಿನ ಹೆಸರೇ, ಖಾಸಗಿ ದಾನ ಸರ್ಕಾರಿ ಸಂಸ್ಥೆಯೊಳಗೂ ಸೇರಬಹುದೆಂಬುದಕ್ಕೆ ಸಾಕ್ಷಿ.

ಗದ್ದೆಯ ಪಾಠಕ್ಕೆ ಇಲ್ಲಿ ವಸ್ತುವಿನ ಕೊರತೆಯಿಲ್ಲ. ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆ; ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ; ಯಾವ ಗದ್ದೆಗೆ ಯಾವ ಬೆಳೆ ಹಿಡಿಸುತ್ತದೆ ಎಂಬುದು ನೀರಿನ ಲೆಕ್ಕ. ಬೈಲಿನಲ್ಲಿ ನೀರು ಉಳಿಯುತ್ತದೆ, ಮೂರೂ ಬೆಳೆಗೆ ಆಸೆ ಇಟ್ಟುಕೊಳ್ಳಬಹುದು. ಬೆಟ್ಟು ಗದ್ದೆಗೆ ಮಳೆಯೊಂದೇ ಗತಿ. ಕಾಪು ತಾಲೂಕಿನಲ್ಲಂತೂ ಸಣ್ಣ ಹಿಡುವಳಿಯೇ ಗುರು. 2008ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಶಂಕರಪುರದ ಮಲ್ಲಿಗೆ ಮನೆಯ ಹಿತ್ತಲಿನ ಕೆಲವೇ ಸೆಂಟ್ಸ್‌ನಲ್ಲಿ ಬೆಳೆಯುತ್ತದೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ, ಕಟ್ಟೆಗೆ ಮುಟ್ಟಿಸುತ್ತಾರೆ. ಹೂವಿನ ದರ ದಿನದಿನಕ್ಕೆ ಏರಿಳಿಯುತ್ತದೆ. 2011ರಲ್ಲಿ ಅದೇ ಮಾನ್ಯತೆ ಪಡೆದ ಮಟ್ಟುಗುಳ್ಳ ಬೆಳೆಯುವುದು ಮಟ್ಟು ಗ್ರಾಮದ ಮಳಲು ಮಣ್ಣಿನಲ್ಲಿ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಅಲ್ಲಿನ ಕೃಷಿ ವಿಜ್ಞಾನ ಕೇಂದ್ರಗಳ ತಜ್ಞರನ್ನು ಕರೆಸಿದರೆ ಕಲಿಕೆಗೆ ಕ್ರಮ ಬರುತ್ತದೆ. ಹಾಜರಿ ಪುಸ್ತಕ, ಪಾಠದ ವೇಳಾಪಟ್ಟಿ ಇಟ್ಟರೆ ತೆರಿಗೆಯವರ ಮುಂದೆ ಅದನ್ನು ಶಿಕ್ಷಣವೆಂದು ತೋರಿಸಲೂ ಸುಲಭ.

ಹಣದ ವಿಷಯದಲ್ಲಿ ಕರಾವಳಿಯ ಕುಟುಂಬಗಳು ಎಡವುವುದು ಹೊರದೇಶದ ನೆಂಟರ ದಾನದಲ್ಲಿ. ದುಬೈಯಲ್ಲಿರುವ ತಮ್ಮನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಬ್ಯಾಂಕ್ ಮೂಲಕ ಅವನು ಕಳಿಸಿದ ಸ್ವಂತ ಹಣ ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಅಕ್ಕ ಕಳಿಸಿದ ನೂರು ಡಾಲರ್ ವಿದೇಶಿ ದೇಣಿಗೆಯೇ, ಅವಳಲ್ಲಿ ಒಸಿಐ ಕಾರ್ಡ್ ಇದ್ದರೂ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿಯಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಮೂರು ವರ್ಷದ ಕೆಲಸ, ಆ ಅವಧಿಯಲ್ಲಿ ₹15 ಲಕ್ಷದ ಖರ್ಚು ತೋರಿಸಬೇಕು. ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ದೇಶದೊಳಗಿನ ದಾನಿಗೂ ₹2,000ಕ್ಕಿಂತ ಹೆಚ್ಚಿನ ನಗದಿಗೆ ತೆರಿಗೆ ಕಡಿತ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಯಾವ ರೀತಿಯಲ್ಲಿ ಕೊಟ್ಟರೂ ಇಲ್ಲ.

ಆಡಳಿತದಲ್ಲಿ ಮನೆಯವರ ಜೊತೆ ಹೊರಗಿನ ಒಬ್ಬಿಬ್ಬರನ್ನು, ನಿವೃತ್ತ ಮುಖ್ಯೋಪಾಧ್ಯಾಯರನ್ನೋ ಊರಿನ ರೈತರನ್ನೋ, ಟ್ರಸ್ಟಿಗಳಾಗಿ ಸೇರಿಸಿಕೊಳ್ಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹೇಳದಿದ್ದರೂ ಸೇರಿಸಬೇಕು. ಅಣ್ಣತಮ್ಮಂದಿರ ಮನೆಜಗಳ ಟ್ರಸ್ಟ್‌ನ ಸಭೆಗೆ ಬಂದು ಕೂರುವ ದಿನ ಆ ಹೊರಗಿನವರಿಂದಲೇ ನಿರ್ಣಯ ಸಾಧ್ಯವಾಗುತ್ತದೆ. ಟ್ರಸ್ಟಿ ತೀರಿಕೊಂಡರೆ ಅವರ ಸ್ಥಾನ ಯಾರಿಗೆ, ಹೆಣ್ಣುಮಕ್ಕಳ ಕಡೆಯವರಿಗೂ ಅವಕಾಶ ಉಂಟೇ, ಎಷ್ಟು ಮಂದಿ ಇದ್ದರೆ ಕೋರಂ, ಚೆಕ್ಕಿಗೆ ಯಾರ ಸಹಿ, ಪರವೂರಿನ ಟ್ರಸ್ಟಿ ವಿಡಿಯೊದಲ್ಲಿ ಸಭೆಗೆ ಬರಬಹುದೇ ಎಂಬುದೆಲ್ಲ ಡೀಡಿನಲ್ಲಿ ಇರಬೇಕು. ಆಸ್ತಿ ಮಾರುವ ಅಧಿಕಾರವನ್ನು ಬಿಗಿಯಾಗಿಯೇ ಬರೆಯಬೇಕು.

ಟ್ರಸ್ಟ್ ಮುಂದುವರಿಸಲು ಮನೆಯಲ್ಲಿ ಯಾರೂ ಉಳಿಯದ ಕಾಲವೂ ಬರಬಹುದು. ಆಗ ಜಮೀನು, ಕಟ್ಟಡ, ಪುಸ್ತಕ ಯಾವುದೂ ಸ್ಥಾಪಕರ ವಾರಸುದಾರರಿಗೆ ಮರಳುವುದಿಲ್ಲ. ಅದೇ ಉದ್ದೇಶದ, ನೋಂದಣಿ ಇರುವ ಇನ್ನೊಂದು ಸಂಸ್ಥೆಗೆ ಹೋಗಬೇಕು. ನಿಗದಿತ ಅವಧಿಯೊಳಗೆ ಹಾಗೆ ಹಸ್ತಾಂತರಿಸದಿದ್ದರೆ ಕೂಡಿಬಂದ ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದರ ಮೇಲೆ ಗರಿಷ್ಠ ದರದ ತೆರಿಗೆ ಬೀಳುತ್ತದೆ. ಮುಂದೆ ವಹಿಸಿಕೊಳ್ಳುವ ಸಂಸ್ಥೆ ಹೇಗಿರಬೇಕೆಂದು ಸ್ಥಾಪಕರು ಬದುಕಿರುವಾಗಲೇ ಡೀಡಿನಲ್ಲಿ ಸೂಚಿಸಬಹುದು. ಏನೂ ಬರೆದಿಲ್ಲದಿದ್ದರೆ ಸ್ಥಾಪಕರ ಆಶಯಕ್ಕೆ ಹತ್ತಿರವಾದ ಬಳಕೆ ಯಾವುದು ಎಂದು ಕೋರ್ಟು ತೀರ್ಮಾನಿಸುತ್ತದೆ.